ಎಲ್ಲ ದೀಪಗಳೂ ಹತ್ತುತ್ತಿದ್ದ ಮನೆ

ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಮುಂದೆ, ಒಂದು ಹಲಸಿನ ಮಣೆ ಬಿದ್ದಿತ್ತು. ಮನೆ ಮಾರಿದವರು ಹಳೆಯ ಮೆಷಿನ್ ಜೊತೆಗೆ ಆ ಮಣೆಯನ್ನೂ ಬಿಟ್ಟು ಹೋಗಿದ್ದರು. ಕೊಂಡವರ ತಾಯಿ ಅದನ್ನು ತೋರಿಸಿ, "ಇಷ್ಟು ಒಳ್ಳೆಯ ಮಣೆಯನ್ನು ನೀರಿನಲ್ಲಿ ನೆನೆಯಲು ಬಿಟ್ಟಿದ್ದಾರಲ್ಲ" ಎಂದು ನೊಂದುಕೊಂಡರು. ನನಗೆ ಹೊಳೆದದ್ದೇ ಬೇರೆ. ಬಟ್ಟೆ ಒಗೆಯುವ ಯಂತ್ರದ ಮುಂದೆ ಮಣೆ ಹಾಕಿಕೊಂಡು ನಿಲ್ಲುವವರು ಯಾಕೆ ನಿಲ್ಲುತ್ತಾರೆ ಎಂಬುದನ್ನು ಇಪ್ಪತ್ತೆರಡು ವರ್ಷ ವೈರಿಂಗ್ ಕೆಲಸ ಮಾಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆಷಿನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಅದನ್ನು ಸರಿಪಡಿಸುವ ಬದಲು ಆ ಮನೆಯವರು ಕಾಲಡಿಗೆ ಮರ ಹಾಕಿಕೊಂಡು ವರ್ಷಗಟ್ಟಲೆ ಬಟ್ಟೆ ಒಗೆದಿದ್ದರು.

ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಮೂವತ್ತು ನಲವತ್ತರ ನಿವೇಶನ, 1987ರಲ್ಲಿ ಕಟ್ಟಿದ ನೆಲಮಹಡಿ, 2004ರಲ್ಲಿ ಬಾಡಿಗೆಗೆಂದು ಏರಿಸಿದ ಮೇಲ್ಮಹಡಿ. ಎರಡಕ್ಕೂ ಬೇರೆ ಬೇರೆ ಮೀಟರ್, ಬೇರೆ ಬೇರೆ ಆರ್‌.ಆರ್‌. ಸಂಖ್ಯೆ. 2024ರ ಫೆಬ್ರುವರಿಯಲ್ಲಿ ನೋಂದಣಿ ಮುಗಿದಿತ್ತು. ಕೊಂಡವರು ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಸಾಲ ಮಾಡಿ ಕೊಂಡವರು. ವಕೀಲರು ಮೂವತ್ತು ವರ್ಷದ ಋಣಭಾರ ಪತ್ರ, ಖಾತೆ, ಕಂದಾಯ ರಸೀದಿ ಎಲ್ಲವನ್ನೂ ಸಾಲುಸಾಲಾಗಿ ಓದಿದ್ದರು. ಬ್ಯಾಂಕಿನ ಇಂಜಿನಿಯರ್ ಬಂದು ಅಳತೆ ಹಿಡಿದು ಬೆಲೆ ಕಟ್ಟಿದ್ದರು. ಮೀಟರ್ ಬೋರ್ಡಿನ ಬಾಗಿಲನ್ನು ಮಾತ್ರ ಯಾರೂ ತೆರೆದು ನೋಡಿರಲಿಲ್ಲ. ನಾನು ಹೋದ ದಿನ ಪೇಂಟರ್‌ಗಳು ಆಗಲೇ ಹಜಾರದ ಗೋಡೆಗೆ ಪುಟ್ಟಿ ಎಳೆಯುತ್ತಿದ್ದರು.

"ಸಾರ್, ಎಲ್ಲ ಪಾಯಿಂಟುಗಳೂ ಕೆಲಸ ಮಾಡುತ್ತಿವೆ. ಹಳೆಯ ಸ್ವಿಚ್‌ಗಳನ್ನು ಬದಲಾಯಿಸಿ, ಎ.ಸಿ.ಗೆ ಒಂದು ಪಾಯಿಂಟ್ ಕೊಟ್ಟುಬಿಟ್ಟರೆ ಸಾಕು" ಎಂದರು ಯಜಮಾನರು.

"ಪೇಂಟರ್‌ಗಳನ್ನು ಒಂದು ವಾರ ನಿಲ್ಲಿಸಿ" ಎಂದೆ. ಅವರ ಮುಖ ಸಣ್ಣಗಾಯಿತು. ದಿನಗೂಲಿಯ ಲೆಕ್ಕ ನನಗೂ ಗೊತ್ತು. ಆದರೆ ಬಣ್ಣ ಹೊಡೆದ ಮೇಲೆ ಗೋಡೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆಗ "ಇರಲಿ ಬಿಡಿ, ಮುಂದೆ ನೋಡೋಣ" ಎಂಬ ಮಾತು ಬರುತ್ತದೆ, ಆ ಮುಂದೆ ಎಂಬುದು ಬರುವುದೇ ಇಲ್ಲ.

ಕರೆಂಟು ತರುವ ಫೇಸ್ ತಂತಿ ತುಂಡಾದರೆ ದೀಪ ಆರುತ್ತದೆ, ನಮ್ಮಂಥವರಿಗೆ ಫೋನ್ ಬರುತ್ತದೆ. ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ತುಂಡಾದರೂ ಅಷ್ಟೇ. ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅರ್ಥ್ ತಂತಿ ತುಂಡಾದರೆ ಮಾತ್ರ ಏನೂ ಆಗುವುದಿಲ್ಲ. ಫ್ಯಾನ್ ತಿರುಗುತ್ತದೆ, ಮಿಕ್ಸಿ ರುಬ್ಬುತ್ತದೆ, ಬಿಲ್ಲು ಎಂದಿನಂತೆಯೇ ಬರುತ್ತದೆ. ಇಲ್ಲದಿದ್ದರೂ ಇಲ್ಲವೆಂದು ಯಾರಿಗೂ ಗೊತ್ತಾಗದ ತಂತಿ ಮನೆಯಲ್ಲಿ ಅದೊಂದೇ. ಹಾಗಾಗಿ ಯಾವ ಮನೆಗೆ ಹೋದರೂ ನಾನು ಮೊದಲು ಹುಡುಕುವುದು ಅದನ್ನೇ.

ಮಣೆಯ ಕಾರಣ

ಅಳೆಯಲು ನಂಬಬಹುದಾದ ಒಂದು ಭೂಮಿ ಬೇಕಲ್ಲ? ಮನೆಯ ಅರ್ಥಿಂಗ್ ಮೇಲೆಯೇ ಅನುಮಾನವಿದ್ದಾಗ ಅದನ್ನೇ ಆಧಾರವಾಗಿ ಹಿಡಿಯುವಂತಿಲ್ಲ. ತೆಂಗಿನ ಮರದ ಬುಡದ ಒದ್ದೆ ಮಣ್ಣಿನಲ್ಲಿ ಕಬ್ಬಿಣದ ಸಲಾಕೆ ಹೊಡೆದು, ಅಲ್ಲಿಂದ ಯುಟಿಲಿಟಿಯವರೆಗೆ ಒಂದು ತಂತಿ ಎಳೆದೆ. ವಾಷಿಂಗ್ ಮೆಷಿನ್ ಚಾಲೂ ಮಾಡಿ ಅದರ ತಗಡಿಗೂ ಈ ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿದಾಗ 108 ವೋಲ್ಟ್ ತೋರಿಸಿತು. ಅದೇ ಜಾಗದಲ್ಲಿ ಟೆಸ್ಟ್ ಲ್ಯಾಂಪ್ ಇಟ್ಟರೆ ಬಲ್ಬು ಹತ್ತಲಿಲ್ಲ.

ಈ ಎರಡು ಅಳತೆಗಳನ್ನು ಒಟ್ಟಿಗೆ ಓದಬೇಕು. ಎಲೆಕ್ಟ್ರಾನಿಕ್ ಭಾಗಗಳಿರುವ ಯಂತ್ರಗಳ ಒಳಗೆ, ಕರೆಂಟು ಒಳಬರುವಲ್ಲಿ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿರುವ ಪುಟ್ಟ ಕೆಪಾಸಿಟರ್‌ಗಳಲ್ಲಿ ಒಂದು ಫೇಸ್‌ನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ ಸೇರಿರುತ್ತವೆ. ಅರ್ಥ್ ಸರಿಯಾಗಿದ್ದರೆ ಅಲ್ಲಿ ಸೋರುವ ಅಲ್ಪ ಕರೆಂಟು ಸದ್ದಿಲ್ಲದೆ ಭೂಮಿಗೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ತಗಡು 230ರ ಅರ್ಧದ ಆಸುಪಾಸಿನಲ್ಲಿ ತೇಲುತ್ತದೆ. ಬಲ್ಬು ಹತ್ತಿಸುವಷ್ಟು ಶಕ್ತಿ ಅದಕ್ಕಿಲ್ಲ, ಕೈ ಜುಮ್ಮೆನ್ನಿಸುವಷ್ಟು ಇದೆ. ಆ ಜುಮ್ಮು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಆದರೆ ಅದು ಹೇಳುತ್ತಿರುವ ಸುದ್ದಿ ಭಯಂಕರವಾದದ್ದು: ನಾಳೆ ಮೋಟರಿನ ಇನ್ಸುಲೇಶನ್ ಹೋದರೆ ಇದೇ ತಗಡಿಗೆ ಪೂರ್ತಿ 230 ವೋಲ್ಟ್ ಬರುತ್ತದೆ, ಅದನ್ನು ಭೂಮಿಗೆ ಒಯ್ಯುವ ದಾರಿ ಇಲ್ಲ. ಸಾಕೆಟ್ ಬಿಚ್ಚಿ ನೋಡಿದರೆ ಅರ್ಥ್ ಸೇರಬೇಕಾದ ಮೇಲಿನ ದೊಡ್ಡ ತೂತಿನ ಪಿನ್ನಿಗೆ ಯಾವ ತಂತಿಯನ್ನೂ ಕೊಟ್ಟಿರಲಿಲ್ಲ. ಮೂರು ತೂತಿನ ಸಾಕೆಟ್ಟಿಗೆ ಎರಡೇ ತಂತಿ.

ಸ್ನಾನದ ಮನೆಯ ಗೀಸರ್ ಸಾಕೆಟ್ ಇದಕ್ಕಿಂತ ಕೆಟ್ಟದಾಗಿತ್ತು, ನೋಡಲು ಮಾತ್ರ ಇದಕ್ಕಿಂತ ಚೆನ್ನಾಗಿತ್ತು. ಫೇಸ್‌ಗೂ ಅರ್ಥ್‌ಗೂ ನಡುವೆ 231 ವೋಲ್ಟ್, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಸೊನ್ನೆ. ಅಂಗಡಿಯಲ್ಲಿ ಸಿಗುವ ಮೂರು ದೀಪದ ಸಾಕೆಟ್ ಟೆಸ್ಟರ್ ಚುಚ್ಚಿದರೆ "ಸರಿಯಿದೆ" ಎಂದೇ ತೋರಿಸುತ್ತದೆ. ನನಗೆ ಆ ಸೊನ್ನೆ ಹಿಡಿಸಲಿಲ್ಲ. ಗೀಸರ್ ಚಾಲೂ ಮಾಡಿ ಮತ್ತೆ ಅಳೆದೆ. 2 ಕಿಲೋವ್ಯಾಟ್ ಗೀಸರ್ ಎಂದರೆ ಸುಮಾರು 8.7 ಆಂಪಿಯರ್. ಅಷ್ಟು ಕರೆಂಟು ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಹರಿಯುವಾಗ ಆ ತಂತಿಯ ಉದ್ದಕ್ಕೂ ಒಂದೆರಡು ವೋಲ್ಟಾದರೂ ಇಳಿಯಬೇಕು, ಅದು ನ್ಯೂಟ್ರಲ್–ಅರ್ಥ್ ನಡುವೆ ಕಾಣಿಸಬೇಕು. ಆಗಲೂ ಸೊನ್ನೆಯೇ. ಅಂದರೆ ಎರಡೂ ಅಲ್ಲೇ ಎಲ್ಲೋ ಒಂದಾಗಿವೆ.

ಬೋರ್ಡು ಬಿಚ್ಚಿದೆ. ಎರಡು ಅಂಗುಲದ ಒಂದು ಕಪ್ಪು ತಂತಿ, ನ್ಯೂಟ್ರಲ್ ಸ್ಕ್ರೂವಿನಿಂದ ಹೊರಟು ಅರ್ಥ್ ಸ್ಕ್ರೂವಿಗೆ ಬಿಗಿದು ಕೂತಿತ್ತು. ಅಚ್ಚುಕಟ್ಟಾದ ಕೆಲಸ, ತಿರುಚಿದ್ದೂ ನೀಟಾಗಿತ್ತು. ಅರ್ಥ್ ಎಳೆಯಲು ಸೋಮಾರಿತನವಾದ ಯಾರೋ ಒಬ್ಬರು ಐದು ನಿಮಿಷದಲ್ಲಿ ಮುಗಿಸಿದ ಕೆಲಸ ಅದು.

ಆ ಎರಡು ಅಂಗುಲ ತಂತಿ ಏನು ಮಾಡಬಲ್ಲದು ಎಂಬುದು ಮೇನ್ ಸ್ವಿಚ್ ತೆರೆದಾಗ ಪೂರ್ತಿ ಗೊತ್ತಾಯಿತು. ಕಬ್ಬಿಣದ ಹಳೆಯ ಪೆಟ್ಟಿಗೆ, ಒಳಗೆ ಪಿಂಗಾಣಿಯ ಎರಡು ಕಿಟ್‌ಕ್ಯಾಟ್ ಫ್ಯೂಸ್. ಒಂದು ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ. ನ್ಯೂಟ್ರಲ್‌ಗೆ ಒಂಟಿಯಾಗಿ ಫ್ಯೂಸ್ ಇಡಬಾರದು ಎಂಬುದು ಇಂದಿನ ಮಾತಲ್ಲ, 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಈ ಮನೆ ಕಟ್ಟುವ ಹೊತ್ತಿಗೆ ಆ ನಿಯಮಕ್ಕೆ ಮೂವತ್ತೊಂದು ವರ್ಷ ತುಂಬಿತ್ತು. ಈಗ ಹೀಗೆ ಯೋಚಿಸಿ. ಒಂದು ಬೆಳಿಗ್ಗೆ ನ್ಯೂಟ್ರಲ್ ಫ್ಯೂಸ್ ಹೋಗುತ್ತದೆ. ಮನೆಯಲ್ಲಿ ಕರೆಂಟು ಹೋದಂತೆಯೇ ಕಾಣುತ್ತದೆ. ಆದರೆ ಫೇಸ್ ಬರುತ್ತಲೇ ಇದೆ, ಫ್ರಿಜ್ಜೋ ದೇವರ ಮನೆಯ ಬಲ್ಬೋ ಚಾಲೂ ಇದೆ. ಅದರ ಮೂಲಕ ಹಾದ ಫೇಸ್, ಮುಂದೆ ದಾರಿಯಿಲ್ಲದ ನ್ಯೂಟ್ರಲ್ ತಂತಿಯಲ್ಲಿ ಬಂದು ನಿಲ್ಲುತ್ತದೆ. ಅಲ್ಲಿಂದ ಆ ಕಪ್ಪು ತುಂಡಿನ ಮೂಲಕ ಗೀಸರಿನ ಮೈಗೆ. "ಕರೆಂಟಿಲ್ಲ, ಇರುವ ಬಿಸಿನೀರಿನಲ್ಲೇ ಸ್ನಾನ ಮುಗಿಸುತ್ತೇನೆ" ಎಂದು ಒದ್ದೆ ಕಾಲಿನಲ್ಲಿ ನಿಂತವರು ಗೀಸರ್ ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ಬರೆಯಲು ನನಗೆ ಇಷ್ಟವಿಲ್ಲ.

ಅದನ್ನು ಯಜಮಾನರಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಅವರ ಹೆಂಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದವರು, "ಈಗಲೇ ತೆಗೆದುಬಿಡಿ ಅಣ್ಣಾ" ಎಂದರು. ಮೇನ್ ತೆಗೆದು, ತುಂಡನ್ನು ಕತ್ತರಿಸಿ ಅವರ ಕೈಗೇ ಕೊಟ್ಟೆ. ಪೇಂಟರ್‌ಗಳು ಅವತ್ತೇ ಸಾಮಾನು ಕಟ್ಟಿದರು.

ಟೈಲ್ಸ್ ಕೆಳಗಿನ ಗುಂಡಿ

ಅರ್ಥ್ ಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಾರಿದವರಿಗೆ ಫೋನ್ ಮಾಡಿದಾಗ "ಕಾರು ನಿಲ್ಲಿಸುವಲ್ಲಿ ಎಲ್ಲೋ ಇರಬೇಕು" ಎಂಬ ಉತ್ತರ ಬಂತು. ಮೀಟರ್ ಬೋರ್ಡಿನಿಂದ ಇಳಿದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಂತಿಯ ಜಾಡು ಹಿಡಿದು ಹೋದರೆ ಅದು ಟೈಲ್ಸ್ ಅಡಿಗೆ ನುಗ್ಗಿತ್ತು. ಒಂದು ಟೈಲು ಎಬ್ಬಿಸಿದೆವು. ಒಳಗೆ ಹಳೆಯ ಕಾಲದ ಪೈಪು, ಸುತ್ತಲೂ ಇದ್ದಿಲು. ಇದ್ದಿಲಿನ ಜೊತೆ ಹಾಕಿದ್ದ ಉಪ್ಪು ಕರಗಿ ಹೋಗಿ ಎಷ್ಟು ಕಾಲವಾಗಿತ್ತೋ. ಪೈಪಿಗೆ ತಂತಿ ಕಟ್ಟಿದ ಕಡೆ 8 ಗೇಜಿನ ತಂತಿ ತುಕ್ಕು ತಿಂದು ತೆಂಗಿನ ಕಡ್ಡಿಯಷ್ಟು ತೆಳ್ಳಗಾಗಿತ್ತು. ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಉದುರಿತು. ಮೇಲೆ ಟೈಲ್ಸ್ ಬಿದ್ದ ಮೇಲೆ ಗುಂಡಿಗೆ ಮಳೆಯ ನೀರೂ ಇಳಿದಿರಲಿಲ್ಲ.

ಅರ್ಥ್ ಟೆಸ್ಟರ್‌ನಿಂದ ಅಳೆದಾಗ ಸಿಕ್ಕ ಅಂಕಿ 64 ಓಮ್. ಕರೆಂಟು ಭೂಮಿಗೆ ಇಳಿಯುವಾಗ ಎದುರಾಗುವ ತಡೆ ಅದು.

ಈ ಅಂಕಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ "ಎಂಸಿಬಿ ಇದೆಯಲ್ಲ, ಶಾರ್ಟ್ ಆದರೆ ಬೀಳುತ್ತದೆ" ಎಂಬ ನಂಬಿಕೆ ವಿದ್ಯಾವಂತರಲ್ಲೂ ಗಟ್ಟಿಯಾಗಿದೆ. ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್. ಯಾವುದೋ ಯಂತ್ರದ ಮೈಗೆ ಫೇಸ್ ತಗುಲಿತು ಎಂದುಕೊಳ್ಳಿ. ಭೂಮಿಗೆ ಹರಿಯುವ ಕರೆಂಟು 230 ಭಾಗಿಸು 64, ಅಂದರೆ ಸುಮಾರು 3.6 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದೊಂದು ಇಸ್ತ್ರಿಪೆಟ್ಟಿಗೆ ಹಾಕಿದಷ್ಟೂ ಅಲ್ಲ. ಅದು ಬೀಳುವುದೇ ಇಲ್ಲ. ಯಂತ್ರದ ಮೈ 230 ವೋಲ್ಟಿನಲ್ಲೇ ನಿಂತಿರುತ್ತದೆ. ಹೊಸ ಗುಂಡಿ ತೋಡಿ 6 ಓಮ್‌ಗೆ ಇಳಿಸಿದೆವು ಎಂದುಕೊಳ್ಳಿ, ಆಗ ಹರಿಯುವುದು 38 ಆಂಪಿಯರ್. ಮನೆಗಳಲ್ಲಿ ಹಾಕುವ ಸಿ ಮಾದರಿಯ 16 ಆಂಪಿಯರ್ ಎಂಸಿಬಿ ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪಿಯರ್ ಹರಿಯಬೇಕು. 38ಕ್ಕೆ ಅದು ಕಾದು ಬಿಸಿಯಾಗಿ ನಿಧಾನವಾಗಿ ಬೀಳುತ್ತದೆ. ಯಂತ್ರವನ್ನು ಹಿಡಿದು ನಿಂತವರಿಗೆ ಅಷ್ಟು ಸಮಯವಿರುವುದಿಲ್ಲ.

ಎಂಸಿಬಿ ಇರುವುದು ತಂತಿಯನ್ನು ಕಾಪಾಡಲು. ಮನುಷ್ಯನನ್ನು ಕಾಪಾಡಲು ಬೇಕಾದದ್ದು ಆರ್‌ಸಿಸಿಬಿ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ತೂಗುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಎರಡೂ ತಂತಿಗಳನ್ನು ಕಡಿದುಬಿಡುತ್ತದೆ. 64 ಓಮಿನ ಕೆಟ್ಟ ಅರ್ಥಿಂಗ್‌ನಲ್ಲಿಯೂ 30 ಮಿಲಿಆಂಪಿಯರ್ ಹರಿಯುವಾಗ ಯಂತ್ರದ ಮೈಯಲ್ಲಿ ಇರುವುದು 2 ವೋಲ್ಟಿಗಿಂತ ಕಡಿಮೆ. ಹಾಗಾಗಿ ಗುಂಡಿ ತೋಡುವುದಕ್ಕೂ ಮೊದಲು, ಎರಡನೆಯ ದಿನವೇ, ಎರಡೂ ಮೀಟರುಗಳ ನಂತರ ಒಂದೊಂದು 40 ಆಂಪಿಯರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂರಿಸಿದೆ. ಪಿಂಗಾಣಿ ಕಿಟ್‌ಕ್ಯಾಟ್‌ಗಳು ಕಬ್ಬಿಣದ ಪೆಟ್ಟಿಗೆಯ ಸಮೇತ ಹೊರಬಿದ್ದವು. ಫೇಸ್ ಫ್ಯೂಸಿನಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ಎಳೆಗಳನ್ನು ಸುತ್ತಿದ್ದರು ಎಂಬುದನ್ನು ಇಲ್ಲಿ ಸೇರಿಸಬೇಕು.

ಸಂಜೆ ಬೀಳುತ್ತಿದ್ದ ಆರ್‌ಸಿಸಿಬಿ

ಅವತ್ತು ಸಂಜೆಯೇ ಮೇಲಿನ ಬಾಡಿಗೆದಾರರ ಫೋನ್. ಕರೆಂಟು ಹೋಗಿದೆ, ಎತ್ತಿದರೆ ಮತ್ತೆ ಬೀಳುತ್ತಿದೆ. ರಾತ್ರಿ ತಾನಾಗಿಯೇ ನಿಂತಿತು. ಮಾರನೆಯ ದಿನ ಸಂಜೆ ಮತ್ತೆ ಅದೇ ಕಥೆ. ಯಾರೋ ಬಂಧುಗಳು "ಅದನ್ನು ಬೈಪಾಸ್ ಮಾಡಿಸಿಬಿಡಿ, ಸುಮ್ಮನೆ ತಲೆನೋವು" ಎಂದು ಸಲಹೆ ಕೊಟ್ಟರಂತೆ. ಈ ಸಲಹೆಯನ್ನು ನಮ್ಮ ಕಸುಬಿನವರೇ ಎಷ್ಟೋ ಮನೆಗಳಲ್ಲಿ ಕೊಡುತ್ತಾರೆ, ಮಾಡಿಯೂ ಮಾಡುತ್ತಾರೆ. ನನಗೆ ಇದರಷ್ಟು ಸಿಟ್ಟು ಬರಿಸುವ ಸಂಗತಿ ಇನ್ನೊಂದಿಲ್ಲ. ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆ ಎಂದರೆ, ಹತ್ತರಲ್ಲಿ ಒಂಬತ್ತು ಸಲ ಮನೆಯಲ್ಲಿ ಏನೋ ಇದೆ.

ಇಲ್ಲಿ ಇದ್ದದ್ದು ಮೆಟ್ಟಿಲಿನ ದೀಪ. ಮೆಟ್ಟಿಲಿನ ಹತ್ತಿರದ ಬೋರ್ಡು ಬಿಚ್ಚಿ, ಮೇಲಿನ ಮನೆಯ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಕ್ಲ್ಯಾಂಪ್ ಮೀಟರಿನ ಬಾಯಿಗೆ ಹಿಡಿದೆ. ಎರಡೂ ಒಟ್ಟಿಗಿದ್ದರೆ ಹೋದದ್ದು ಬಂದದ್ದು ಕಳೆದು ಸೊನ್ನೆ ತೋರಿಸಬೇಕು. ಆಗ ಸೊನ್ನೆಯೇ ಇತ್ತು. ಕೆಳಗಿನ ಮನೆಯ ಹೆಣ್ಣುಮಗಳು ಬಂದು ಎಂದಿನಂತೆ ಮೆಟ್ಟಿಲ ದೀಪದ ಸ್ವಿಚ್ ಒತ್ತಿದಳು. ಮೀಟರಿನಲ್ಲಿ 0.26 ಆಂಪಿಯರ್ ಮಿಂಚಿ ಮರೆಯಾಯಿತು, ಮೇಲಿನ ಆರ್‌ಸಿಸಿಬಿ ಟಕ್ಕನೆ ಬಿತ್ತು. ಅಲ್ಲಿದ್ದದ್ದು ಹಳೆಯ 60 ವ್ಯಾಟ್ ಬಲ್ಬು. 60 ಭಾಗಿಸು 230, ಸರಿಯಾಗಿ ಅಷ್ಟೇ.

ಮೇಲ್ಮಹಡಿ ಏರಿಸಿದಾಗ ಮೆಟ್ಟಿಲ ದೀಪಕ್ಕೆ ಫೇಸ್ ಕೆಳಗಿನ ಮನೆಯಿಂದ ಬಂದಿತ್ತು, ನ್ಯೂಟ್ರಲ್ ಮಾತ್ರ ಹತ್ತಿರವಿದ್ದ ಮೇಲಿನ ಮನೆಯದಕ್ಕೆ ಸೇರಿಸಿದ್ದರು. ಇಪ್ಪತ್ತು ವರ್ಷ ದೀಪ ಹತ್ತಿತ್ತು, ಯಾರಿಗೂ ತೊಂದರೆ ಕಂಡಿರಲಿಲ್ಲ. ಆದರೆ ಮೇಲಿನ ಮನೆಯ ಮೇನ್ ತೆಗೆದು, "ಈಗ ಕರೆಂಟಿಲ್ಲ" ಎಂಬ ಧೈರ್ಯದಲ್ಲಿ ಅಲ್ಲಿನ ನ್ಯೂಟ್ರಲ್ ತಂತಿಯನ್ನು ಬರಿಗೈಯಲ್ಲಿ ಹಿಡಿದ ಕೆಲಸಗಾರನಿಗೆ, ಕೆಳಗೆ ಯಾರಾದರೂ ಮೆಟ್ಟಿಲ ದೀಪ ಹಾಕಿದ ಕ್ಷಣ ಆ ಬಲ್ಬಿನ ಮೂಲಕ ಫೇಸ್ ಬಂದು ತಗುಲುತ್ತದೆ. ಅಂಥ ಹೊಡೆತ ಒಮ್ಮೆ ನಾನೂ ತಿಂದಿದ್ದೇನೆ, ಬೇರೆ ಮನೆಯಲ್ಲಿ, ಏಣಿಯ ಮೇಲಿದ್ದಾಗ.

ಸಂಪಿನ ಮೋಟರೂ ಹೀಗೆಯೇ. ನೀರು ಇಬ್ಬರಿಗೂ, ಕರೆಂಟು ಮಾತ್ರ ಮೇಲಿನ ಮೀಟರಿನದು. ಕೆಳಗಿನ ಮೇನ್ ತೆಗೆದರೂ ಮೋಟರಿನಲ್ಲಿ ಕರೆಂಟು ಇರುತ್ತಿತ್ತು. ಬಾಡಿಗೆದಾರರು ಇಷ್ಟು ವರ್ಷ ಎರಡು ಮನೆಗೂ ನೀರೆತ್ತುವ ಕರೆಂಟಿನ ಬಿಲ್ಲನ್ನು ಕಟ್ಟಿದ್ದರು ಎಂದು ತಿಳಿದಾಗ ಹೊಸ ಯಜಮಾನರಿಗೆ ನಿಜಕ್ಕೂ ಬೇಸರವಾಯಿತು. ದೀಪ, ಮೋಟರ್ ಎರಡನ್ನೂ ಪೂರ್ತಿಯಾಗಿ ಕೆಳಗಿನ ಮೀಟರಿಗೆ ತಂದೆವು.

ಗೋಡೆಯೊಳಗೆ

ಮೂರನೆಯ ದಿನ, ತಂತಿಯ ಹೊದಿಕೆ (ಇನ್ಸುಲೇಶನ್) ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಮೆಗ್ಗರ್ ಹಿಡಿದೆ. ಬಲ್ಬುಗಳನ್ನೆಲ್ಲ ತೆಗೆದು, ಫ್ಯಾನಿನ ರೆಗ್ಯುಲೇಟರ್ ಕಳಚಿ, ಎಲ್ಲ ಪ್ಲಗ್ಗುಗಳನ್ನು ಕಿತ್ತು, ಸ್ವಿಚ್‌ಗಳನ್ನೆಲ್ಲ ಒತ್ತಿಟ್ಟು, ತಂತಿಗೂ ಭೂಮಿಗೂ ನಡುವೆ 500 ವೋಲ್ಟ್ ಡಿ.ಸಿ. ಕೊಟ್ಟು ಒಂದು ನಿಮಿಷ ಕಾಯಬೇಕು. ಕನಿಷ್ಠ 1 ಮೆಗಓಮ್ ಬರಬೇಕು. ಮೇಲಿನ ಮನೆ 200ರ ಮೇಲೆ ಹೋಯಿತು. 2004ರ ತಾಮ್ರದ ತಂತಿ, ಇನ್ನೂ ಬಹಳ ವರ್ಷ ಬಾಳುತ್ತದೆ. ಕೆಳಗೆ ಮಲಗುವ ಕೋಣೆ 40, ಹಜಾರ 22, ಅಡುಗೆಮನೆ 3. ಯುಟಿಲಿಟಿ 0.2. ಅಲ್ಲಿ ಗೋಡೆ ಕೆಳಗಿನಿಂದ ಒಂದೂವರೆ ಅಡಿಯವರೆಗೆ ಒದ್ದೆ ಹಿಡಿದಿತ್ತು. ಪೇಂಟರ್ ಅದನ್ನು ನೋಡಿ "ವಾಟರ್‌ಪ್ರೂಫ್ ಹೊಡೆದು ಮುಚ್ಚುತ್ತೇನೆ" ಎಂದಿದ್ದನಂತೆ.

ಅಡುಗೆಮನೆಯ ಬೋರ್ಡನ್ನು ಬಿಚ್ಚಿದಾಗ ಮೊದಲು ಬಂದದ್ದು ವಾಸನೆ, ಹಳೆಯ ಸುಟ್ಟ ರಬ್ಬರಿನದು. 1987ರ ಅಲ್ಯೂಮಿನಿಯಂ ತಂತಿಗೆ ಆಮೇಲೆ ಯಾರೋ ತಾಮ್ರದ ತಂತಿ ತಿರುಚಿ, ಟೇಪು ಸುತ್ತಿ, ಮಿಕ್ಸಿ ಗ್ರೈಂಡರಿಗೆ ಪಾಯಿಂಟ್ ಕೊಟ್ಟಿದ್ದರು. ಅಲ್ಯೂಮಿನಿಯಂ ಗಾಳಿ ತಾಗಿದ ಕಡೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಅದು ಕರೆಂಟನ್ನು ಸರಿಯಾಗಿ ಹಾಯಲು ಬಿಡುವುದಿಲ್ಲ. ಬಿಸಿಯಾದಾಗ ಎರಡು ಲೋಹಗಳೂ ಒಂದೇ ಸಮ ಹಿಗ್ಗುವುದಿಲ್ಲ, ಆರಿದಾಗ ಒಂದೇ ಸಮ ಕುಗ್ಗುವುದಿಲ್ಲ. ಜೋಡಣೆ ದಿನದಿಂದ ದಿನಕ್ಕೆ ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ, ಬಿಸಿಯಾದಷ್ಟೂ ಸಡಿಲ. ಟೇಪು ಪಾಕ ಹತ್ತಿದ ಬೆಲ್ಲದಂತೆ ಕಂದಾಗಿ ತಂತಿಗೆ ಅಂಟಿತ್ತು. ಮುಟ್ಟಿದರೆ ಇನ್ಸುಲೇಶನ್ ಹಪ್ಪಳದ ಹಾಗೆ ಮುರಿದು ಬಿತ್ತು. ಒಳಗೆ ಹಿಂದಿನ ಗಾರೆ ಅಂಗೈಯಗಲ ಕಪ್ಪಾಗಿತ್ತು. ಆ ಬೋರ್ಡಿನ ಮೇಲೆಯೇ ಎಣ್ಣೆ ಡಬ್ಬಿಗಳನ್ನು ಇಡುವ ಮರದ ಶೆಲ್ಫ್ ಇತ್ತು.

ಉಳಿದ ಸಣ್ಣಪುಟ್ಟವನ್ನು ಬೇಗ ಹೇಳಿಬಿಡುತ್ತೇನೆ. ಒಂದು ಕೋಣೆಯಲ್ಲಿ ಸ್ವಿಚ್ ನ್ಯೂಟ್ರಲ್ ಕಡೆಗಿತ್ತು, ದೀಪ ಆರಿಸಿದರೂ ಹೋಲ್ಡರಿನಲ್ಲಿ ಫೇಸ್ ಇರುತ್ತಿತ್ತು. ಬಿಲ್ಲಿನಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್, ಅಂದರೆ 4.3 ಆಂಪಿಯರ್. ಗೀಸರ್ ಒಂದೇ ಅದರ ಎರಡರಷ್ಟು ಎಳೆಯುತ್ತದೆ. ಹೆಸರು ಬದಲಾವಣೆಯ ಅರ್ಜಿಯ ಜೊತೆಗೇ ಲೋಡನ್ನು 5 ಕಿಲೋವ್ಯಾಟ್‌ಗೆ ಏರಿಸಲು ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಡಿಸಿದೆ.

ಮಾಡಿದ್ದು

ಯಜಮಾನರು ಮೊದಲು ಕೇಳಿದ್ದು, "ಅರ್ಥಿಂಗ್ ಮತ್ತು ಅಡುಗೆಮನೆ ಮಾತ್ರ ಮಾಡಿದರೆ ಆಗುವುದಿಲ್ಲವೆ?" ಎಂದು. ಸಾಲದ ಕಂತು ಆಗಲೇ ಶುರುವಾಗಿತ್ತು, ಅವರ ಪ್ರಶ್ನೆ ನ್ಯಾಯವಾದದ್ದೇ. ಮೇಲಿನ ಮನೆಯ ತಂತಿ ಮುಟ್ಟುವುದು ಬೇಡ, ಎ.ಸಿ. ಪಾಯಿಂಟ್ ಮುಂದಿನ ವರ್ಷಕ್ಕಿರಲಿ, ಅಲಂಕಾರದ ಸ್ವಿಚ್‌ಗಳ ಬದಲು ಸಾಧಾರಣ ಸ್ವಿಚ್ ಸಾಕು ಎಂದು ನಾನೇ ಖರ್ಚು ಇಳಿಸಿದೆ. ಕೆಳಗಿನ ಅಲ್ಯೂಮಿನಿಯಂ ಪೂರ್ತಿ ಹೋಗಬೇಕು ಎಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ನಾಲ್ಕು ಕೋಣೆಗಳಲ್ಲಿ ಹಳೆಯ ಪೈಪು ಚೆನ್ನಾಗಿತ್ತು, ಅದರಲ್ಲೇ ಹೊಸ ತಂತಿ ಎಳೆದೆವು. ಯುಟಿಲಿಟಿ ಮತ್ತು ಅಡುಗೆಮನೆಯಲ್ಲಿ ಮಾತ್ರ ಗೋಡೆ ಕೊರೆದು, ಒದ್ದೆಗೆ ಸಿಗದ ಎತ್ತರದಲ್ಲಿ ಪೈಪು ಹೂಳಿದೆವು. ದೀಪ ಫ್ಯಾನಿಗೆ 1.5 ಚದರ ಮಿಲಿಮೀಟರ್, ಸಾಮಾನ್ಯ ಸಾಕೆಟ್ಟಿಗೆ 2.5, ಗೀಸರ್, ಇಂಡಕ್ಷನ್ ಒಲೆ ಮತ್ತು ವಾಷಿಂಗ್ ಮೆಷಿನ್ನಿಗೆ 4. ಪ್ರತಿಯೊಂದು ಸಾಕೆಟ್ಟಿಗೂ ಅರ್ಥಿನ ಹಸಿರು ತಂತಿ, ಒಂದೂ ಬಿಡದೆ. ಆರ್‌ಸಿಸಿಬಿಯನ್ನು ಕೆಳಗಿನ ಮನೆಯಲ್ಲಿ ಎರಡು ಮಾಡಿದೆ: ನೀರಿರುವ ಜಾಗಗಳಿಗೆ ಒಂದು, ಉಳಿದದ್ದಕ್ಕೆ ಒಂದು. ಗೀಸರ್ ಕೆಟ್ಟರೆ ಮನೆಯೆಲ್ಲ ಕತ್ತಲಾಗುವುದು ಬೇಡ. ಕತ್ತಲಾದರೆ ಜನ ಬೈಪಾಸ್ ಮಾಡಿಸುತ್ತಾರೆ.

ಹೊಸ ಗುಂಡಿಯನ್ನು ತೆಂಗಿನ ಮರದ ಕಡೆ, ಮಣ್ಣು ಸದಾ ತೇವವಿರುವಲ್ಲಿ ತೋಡಿ, 3 ಮೀಟರಿನ ತಾಮ್ರ ಲೇಪಿತ ರಾಡ್ ಇಳಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿದೆವು. ಮೇಲೆ ತೆಗೆಯಬಹುದಾದ ಮುಚ್ಚಳ. ಹತ್ತು ದಿನ ಬಿಟ್ಟು ಅಳೆದಾಗ 6 ಓಮ್. ಒಂದೊಂದು ಸಾಕೆಟ್ಟಿನಲ್ಲೂ ಟೆಸ್ಟರ್ ಹಾಕಿ ಆರ್‌ಸಿಸಿಬಿ ಬೀಳಿಸಿ ನೋಡಿದೆ. ಯುಟಿಲಿಟಿಯದು 24 ಮಿಲಿಆಂಪಿಯರಿಗೆ ಬಿತ್ತು. ಅಂಕಿಗಳನ್ನೆಲ್ಲ ದಿನಾಂಕದ ಸಮೇತ ಬರೆದು, ಸ್ವಿಚ್‌ಗಳಿರುವ ಪೆಟ್ಟಿಗೆಯ (ಡಿ.ಬಿ.) ಬಾಗಿಲಿನ ಒಳಗೆ ಅಂಟಿಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವುದನ್ನು ತಾಯಿಯವರಿಗೂ ಕಲಿಸಿಕೊಟ್ಟೆ. ಅವರು ಈಗ ಪ್ರತಿ ಅಮಾವಾಸ್ಯೆಗೆ ಒತ್ತುತ್ತಾರೆ, ಮರೆಯಬಾರದೆಂದು ಅವರೇ ಹಿಡಿದ ಲೆಕ್ಕ ಅದು. ವಾಷಿಂಗ್ ಮೆಷಿನ್ನಿನ ತಗಡಿನ ಮೇಲೆ ಒದ್ದೆ ಅಂಗೈ ಇಟ್ಟು, ಬರಿಗಾಲಿನಲ್ಲಿ ನಿಂತು, "ಏನೂ ಇಲ್ಲ ಕಣಪ್ಪ" ಎಂದರು.

ಪೇಂಟರ್‌ಗಳು ಹದಿನೆಂಟನೆಯ ದಿನ ವಾಪಸ್ ಬಂದರು. 2025ರ ಏಪ್ರಿಲ್‌ನಲ್ಲಿ, ಬೇಸಗೆಯಲ್ಲಿ ಮಣ್ಣು ಒಣಗಿದಾಗ ಎಷ್ಟಾಗುತ್ತದೆ ನೋಡೋಣವೆಂದು ಹೋಗಿ ಮತ್ತೆ ಅರ್ಥ್ ಅಳೆದೆ. 9 ಓಮ್ ಆಗಿತ್ತು. ಮುಚ್ಚಳ ತೆಗೆದು ಎರಡು ಬಿಂದಿಗೆ ನೀರು ಹೊಯ್ದು, ಅಂಕಿಯನ್ನು ಡಿ.ಬಿ. ಬಾಗಿಲಿನ ಚೀಟಿಯಲ್ಲಿ ಹಳೆಯದರ ಕೆಳಗೆ ಬರೆದು ಬಂದೆ.